ಜೊಂಡಿನ ಹಕ್ಕಿಗೆ ತಕ್ಕ ದುರ್ಬೀನು

ಎರಡು ಚಳಿಗಾಲ ಕೊರಳಿಗೆ ಹಾಕಿಕೊಂಡು ತಿರುಗಿದ, ಮಧ್ಯಮ ಬೆಲೆಯ ಒಂದು 8×42 (ಎಂಟು ಪಟ್ಟು ಹಿಗ್ಗಿಸಿ ತೋರುವ, 42 ಮಿ.ಮೀ. ಅಗಲದ ಮುಂದಿನ ಮಸೂರದ) ದುರ್ಬೀನಿನ ವಿಮರ್ಶೆ ಇದು. ಕೊಕ್ಕರೆ, ಹದ್ದುಗಳನ್ನು ಯಾವ ದುರ್ಬೀನಾದರೂ ತೋರಿಸುತ್ತದೆ. ಆದ್ದರಿಂದ ನಾನು ಪರೀಕ್ಷೆಗೆ ಆರಿಸಿಕೊಂಡದ್ದು ಕೆರೆಯಂಚಿನ ಜೊಂಡಿನಲ್ಲಿ ನುಸುಳಾಡುವ ಪ್ಯಾಡಿಫೀಲ್ಡ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿಯನ್ನು.

ಸುಮಾರು 13 ಸೆಂ.ಮೀ. ಉದ್ದದ ಈ ಹಕ್ಕಿ ಕಪ್ಪುಸಮುದ್ರದ ತೀರದಿಂದ ಮಧ್ಯ ಏಷ್ಯಾದವರೆಗಿನ ಜೊಂಡುಗಳಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ಭಾರತದ ಕೆರೆ, ಗದ್ದೆಗಳಿಗೆ ಬರುತ್ತದೆ. 1845ರಲ್ಲಿ ಇದನ್ನು ವಿವರಿಸಿದ ಜೆರ್ಡನ್, ಮದರಾಸು ಪ್ರಾಂತ್ಯದಲ್ಲಿ ವೈದ್ಯನಾಗಿದ್ದವನು, ಕೊಟ್ಟ 'ಅಗ್ರಿಕೋಲಾ' ಎಂಬ ಲ್ಯಾಟಿನ್ ಹೆಸರಿಗೆ ರೈತ ಎಂದರ್ಥ. ಗದ್ದೆಯ ಹುಳುಗಳನ್ನು ಹೆಕ್ಕಿ ತಿನ್ನುವ ಹಕ್ಕಿಗೆ ಅದು ಒಪ್ಪುತ್ತದೆ. ಇದರ ಹತ್ತಿರದ ಬಂಧು ಬ್ಲೈತ್ಸ್ ರೀಡ್ ವಾರ್ಬ್ಲರ್ ಹೆಸರಿನಲ್ಲಷ್ಟೇ ಜೊಂಡಿನದು, ಚಳಿಗಾಲವನ್ನು ಹೆಚ್ಚಾಗಿ ಪೊದೆ, ತೋಟಗಳಲ್ಲಿ ಕಳೆಯುತ್ತದೆ. ಆದರೂ ಕೆರೆ ಏರಿಯ ಪೊದೆಗಳಲ್ಲಿ ಎರಡೂ ಎದುರಾಗುವುದರಿಂದ ಗೊಂದಲ ತಪ್ಪುವುದಿಲ್ಲ. ಬಿಡಿಸುವ ಗುರುತು ಹುಬ್ಬಿನಲ್ಲಿದೆ: ಪ್ಯಾಡಿಫೀಲ್ಡಿನ ಬಿಳಿಹುಬ್ಬು ಕಣ್ಣಿನ ಹಿಂದಕ್ಕೂ ಚಾಚಿ, ಮೇಲಂಚಿನಲ್ಲಿ ಕಪ್ಪು ಗೆರೆಯೊಂದು ಸುಳಿಯುತ್ತದೆ, ಬ್ಲೈತ್ಸ್‌ನದು ಕಣ್ಣು ದಾಟುವ ಹೊತ್ತಿಗೆ ಮಾಸಿಹೋಗುತ್ತದೆ.

ಈ ಗೆರೆಯನ್ನು ಬೆಳಗಿನ ಆರೂವರೆಯ ಮಂಕು ಬೆಳಕಿನಲ್ಲಿ ಈ ದುರ್ಬೀನು ತೋರಿಸಿತು. ಅದಕ್ಕೆ ಕಾರಣವಿದೆ. 42 ಮಿ.ಮೀ. ಮಸೂರವನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿರುವೃತ್ತ 5.25 ಮಿ.ಮೀ.; ಅದೇ ಮಸೂರದ 10×42ರಲ್ಲಿ ಅದು 4.2ಕ್ಕೆ ಇಳಿದು, ಮಂಕು ಬೆಳಕಿನಲ್ಲಿ ನೋಟ ಇನ್ನಷ್ಟು ಮಂಕಾಗುತ್ತದೆ. ಹತ್ತು ಪಟ್ಟಿನದು ಸಾಮಾನ್ಯವಾಗಿ ತೋರುವ ಬಯಲೂ ಕಿರಿದು, ಕೈನಡುಕವೂ ಹೆಚ್ಚು. ಎರಡು ಸೆಕೆಂಡು ಕಾಣಿಸಿ ಮರೆಯಾಗುವ ಹಕ್ಕಿಯನ್ನು ಅದರಲ್ಲಿ ಹುಡುಕುವಷ್ಟರಲ್ಲಿ ಜೊಂಡು ಮಾತ್ರ ಅಲುಗುತ್ತಿರುತ್ತದೆ. ದೊಡ್ಡದಾಗಿ ಕಾಣಬೇಕೆಂದು ಹತ್ತು ಪಟ್ಟಿನದನ್ನೇ ಕೊಳ್ಳುವ ಗೆಳೆಯರಿಗೆ ನನ್ನ ತಕರಾರು ಇದೇ.

ದೋಷಗಳೂ ಇವೆ. ಫೋಕಸ್ ಚಕ್ರ ಬಿಗಿಯಾಗಿದೆ, ಬಹಳ ಹತ್ತಿರದ ಹಕ್ಕಿಯಿಂದ ಆಚೆ ದಡಕ್ಕೆ ಹೊರಳಿಸಲು ಬೆರಳಿಗೆ ಶ್ರಮ. ಕನ್ನಡಕ ಧರಿಸುವ ನನಗೆ ಕಣ್ಬಟ್ಟಲನ್ನು (ಕಣ್ಣಿಗೆ ತಾಗುವ ಬಳೆಯನ್ನು) ಪೂರ್ತಿ ಇಳಿಸಿದರೂ ಅಂಚಿನ ನೋಟ ತುಸು ಕತ್ತರಿಸುತ್ತದೆ. ಮಸೂರದ ರಬ್ಬರ್ ಮುಚ್ಚಳವಂತೂ ಮೊದಲ ತಿಂಗಳೇ ಕೆರೆಯ ಕೆಸರಿಗೆ ಬಿತ್ತು. ಉಳಿದೊಂದನ್ನು ಈಗ ಹೊಲಿಗೆ ದಾರದಿಂದ ಕಟ್ಟಿಟ್ಟಿದ್ದೇನೆ.