ಮಾನ್‌ಸ್ಟೆರಾಗೆ ಅಂತ ತಗೊಂಡ ನಾರಿನ ಕಂಬ, 8 ತಿಂಗಳಾದ್ಮೇಲೆ

ಮನೇಲಿ ಬೆಳೆಸ್ತಿರೋ ಮಾನ್‌ಸ್ಟೆರಾ ಡೆಲಿಸಿಯೋಸಾ ಅನ್ನೋ ದೊಡ್ಡೆಲೆ ಬಳ್ಳಿ ಪಾಟಿಂದ ಆಚೆ ವಾಲಿ ಅಡ್ಡಾದಿಡ್ಡಿ ಬೆಳೀತಿತ್ತು ಅಂತ ಈ ಕಂಬ ಆನ್‌ಲೈನಲ್ಲಿ ತರಿಸ್ದೆ, 2 ಅಡಿದು, ಒಳಗಡೆ ಪ್ಲಾಸ್ಟಿಕ್ ಪೈಪು, ಮೇಲೆ ತೆಂಗಿನ ನಾರು ಸುತ್ತಿರೋದು. 3 ಸ್ಟಾರ್ ಕೊಡ್ತಿದೀನಿ.

ಗಿಡಕ್ಕೆ ಆಸರೆಯಾಗಿ ಚೆನ್ನಾಗೇ ಇದೆ. ಆದ್ರೆ ಪ್ಯಾಕ್ ಮೇಲೆ ಬೇರು ಹಿಡ್ಕೊಂಡು ಎಲೆ ದೊಡ್ಡದಾಗತ್ತೆ ಅಂತ ಹಾಕಿದಾರಲ್ಲ, ಅದು ಕಂಬ ಒದ್ದೆ ಇದ್ರೆ ಮಾತ್ರ ಆಗೋ ಮಾತು. ಇದು ಮೆಕ್ಸಿಕೋದಿಂದ ಪನಾಮಾ ತನಕ ಕಾಡಲ್ಲಿ ಮರ ಹತ್ತೋ ಗಿಡ, ಗೆಣ್ಣಿಂದ ಬಿಳಲು ಬಿಟ್ಟು ಒದ್ದೆ ತೊಗಟೆಗೆ ಅಂಟ್ಕೊಂಡು ಮೇಲೆ ಹೋಗತ್ತೆ. ಈ ಕಂಬದ ನಾರು ತೀರಾ ತೆಳು, ಬೆಳಗ್ಗೆ ಸ್ಪ್ರೇ ಮಾಡಿದ್ರೆ ಮಧ್ಯಾಹ್ನಕ್ಕೆ ಗರಿಗರಿ, ಒಂದ್ಸಲ ಹಾಗೆ ಒಣಗಿದ್ಮೇಲೆ ನೀರು ಹಾಕಿದ್ರೂ ಹೀರ್ಕೊಳ್ದೆ ಹಾಗೇ ಜಾರಿ ಕೆಳಗೆ ಹೋಗತ್ತೆ. ಮೊದಲ 4 ತಿಂಗಳು ಒಂದು ಬಿಳಲೂ ಒಳಗೆ ಹೋಗ್ಲಿಲ್ಲ, ನೋಡಿ ನೋಡಿ ಬೇಜಾರಾಗ್ತಿತ್ತು.

ಆಮೇಲೆ ಪಾಟ್ ಬದಲಾಯಿಸೋ ಹೊತ್ತಲ್ಲಿ ಕಂಬ ಕಿತ್ತು ರಾತ್ರಿಯೆಲ್ಲಾ ಬಕೆಟ್ ನೀರಲ್ಲಿ ನೆನೆಸಿ, ಅದರ ಮೇಲೆ ಸ್ಫ್ಯಾಗ್ನಮ್ ಪಾಚಿ (ನೀರು ಚೆನ್ನಾಗಿ ಹಿಡಿದಿಡೋ ಪಾಚಿ) ಒಂದು ಪದರ ದಾರದಲ್ಲಿ ಸುತ್ತಿ, ಗಿಡದ ಬೆನ್ನಿನ ಕಡೆ ಅಂದ್ರೆ ಬಿಳಲು ಬರೋ ಕಡೆಗೇ ನಿಲ್ಲಿಸ್ದೆ. ಈಗ ಎರಡು ಬಿಳಲು ಪಾಚಿಯೊಳಗೆ ಇಳಿದು ಕವಲೊಡೆದಿವೆ, ಎಷ್ಟು ಖುಷಿ ಅಂದ್ರೆ ದಿನಾ ಹೋಗಿ ನೋಡ್ತೀನಿ! ಹೊಸ ಎಲೆಲಿ ನಡುನರದ ಪಕ್ಕ, ಗಿಡ ಬಲಿತಾಗ ತಾನಾಗೇ ಬರೋ ಸಣ್ಣ ತೂತೂ ಬಂದಿದೆ, ಅದಕ್ಕೆ ಕಿಟಕಿ ಹತ್ರ ಸರಿಸಿದ್ದೂ ಕಾರಣ ಇರ್ಬೇಕು, ಬೆಳಕು ಸಾಲ್ದೇ ಹೋದ್ರೆ ಯಾವ ಕಂಬ ಇಟ್ರೂ ಅಷ್ಟೇ.

ಜೊತೆಗೆ ಬಂದಿರೋ ಕ್ಲಿಪ್‌ಗಳನ್ನ ಕಾಂಡಕ್ಕೆ ಹಾಕಿ, ಎಲೆ ತೊಟ್ಟಿಗೆ ಬೇಡ, ಯಾಕಂದ್ರೆ ಎಲೆ ಬೆಳಕಿನ ಕಡೆ ತಿರುಗೋದು ಆ ತೊಟ್ಟಿಂದಾನೇ, ನಾನು ತೊಟ್ಟಿಗೆ ಬಿಗಿದು ಒಂದು ಒಳ್ಳೆ ಎಲೆ ಮುರ್ಕೊಂಡೆ. ಕಂಬಕ್ಕೆ ಹಾಕಿದ ನೀರು ಕೊನೆಗೆ ಮಣ್ಣಿಗೇ ಬರತ್ತೆ, ಅದನ್ನ ಮರೆತು ಪಾಟ್‌ಗೂ ಬೇರೆ ಸುರಿದ್ರೆ ಬೇರಿಗೆ ಗಾಳಿ ಸಿಗದೆ ಕೊಳೆಯತ್ತೆ, ಬೆರಳು ಎರಡು ಗೆಣ್ಣು ಆಳ ಇಳಿಸಿ ನೋಡಿ ಒಣಗಿದ್ರೆ ಮಾತ್ರ ಹಾಕಿ.

ಬುಡದಲ್ಲಿ ಅಡ್ಡಪಟ್ಟಿ ಇಲ್ದೇ ಇರೋದು ಇನ್ನೊಂದು ಕೊರತೆ. 6 ಇಂಚಿನ ಪಾಟಲ್ಲಿ ಪೂರ್ತಿ ಅಲ್ಲಾಡ್ತಿತ್ತು, 10 ಇಂಚಿನದಕ್ಕೆ ಹಾಕಿ ತಳದವರೆಗೂ ಹೂತ ಮೇಲೇ ಗಟ್ಟಿ ನಿಂತಿದ್ದು. ಗಿಡ ಇನ್ನೊಂದು ಅಡಿ ಬೆಳೆದ್ರೆ ಇದು ಸಾಲಲ್ಲ, ಆಗ ಜಾಲರಿ ಒಳಗೆ ಪೂರ್ತಿ ಪಾಚಿ ತುಂಬಿರೋ ಥರದ್ದೇ ತಗೋತೀನಿ.