ಬೀಜದಿಂದ ಕಾಡು ಲಿಲ್ಲಿ: ಹಳದಿ ಮಳೆ ಲಿಲ್ಲಿಯೋ, ಅಗ್ನಿಶಿಖೆಯೋ?

ಬೀಜ ಹಾಕಿ ಲಿಲ್ಲಿ ಬೆಳೆಸುವ ಆಸೆಯಿದ್ದರೆ ಮೊದಲು ಹಳದಿ ಮಳೆ ಲಿಲ್ಲಿಯನ್ನೇ ಹಿಡಿಯಿರಿ. ಮಳೆಗಾಲದಲ್ಲಿ ಬೇಲಿಯ ಮೇಲೆ ಅರಳುವ ಅಗ್ನಿಶಿಖೆ, ಅಂದರೆ ಗೌರಿ ಹೂ, ಚೆಲುವಿನಲ್ಲಿ ಇದಕ್ಕಿಂತ ಎಷ್ಟೋ ಮೇಲು, ನಿಜ. ಆದರೆ ಬೀಜದ ವಿಷಯದಲ್ಲಿ ಇವೆರಡರ ಸ್ವಭಾವ ತದ್ವಿರುದ್ಧ: ಮಳೆ ಲಿಲ್ಲಿಗೆ ಆಗಷ್ಟೇ ಬಲಿತ ಬೀಜ ಬೇಕು, ಅಗ್ನಿಶಿಖೆಗೆ ಹಳೆಯದು. ಆನ್‌ಲೈನ್‌ನಲ್ಲಿ ಬೀಜ ಕೊಂಡವರ ದುಡ್ಡು ಹಾಳಾಗುವುದು ಇಲ್ಲೇ. ಮಳೆ ಲಿಲ್ಲಿ ಬೀಜ ಇಟ್ಟಷ್ಟೂ ಮೊಳೆಯುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ. ಪ್ಯಾಕೆಟ್ ಕೊಳ್ಳುವ ಬದಲು ನರ್ಸರಿಯಿಂದ ಹೂ ಬಿಡುವ ಒಂದು ಕುಂಡ ತಂದು, ಅದರ ಬೀಜವನ್ನೇ ಬಿತ್ತಿ.

ಹಳದಿಯದಕ್ಕೆ ಕೈಯಿಂದ ಪರಾಗಸ್ಪರ್ಶ ಮಾಡುವ ಗೊಡವೆಯಿಲ್ಲ, ತಾನಾಗಿ ಕಾಯಿ ಕಟ್ಟುತ್ತದೆ. ಮೂರು ಹೋಳಿನ ಹಸಿರು ಕಾಯಿ ಹಳದಿಗೆ ತಿರುಗಿ ಬಾಯಿ ಬಿಡುವ ಹೊತ್ತಿಗೆ ಕಿತ್ತುಕೊಳ್ಳಿ. ಒಂದು ದಿನ ತಡವಾದರೂ ಕಾಗದದಂತೆ ತೆಳುವಾದ ಕರಿಬೀಜ ಉದುರಿಹೋಗುತ್ತದೆ. ಕೆಮ್ಮಣ್ಣು, ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು ಬೆರೆಸಿ, ಮೇಲೆ ಬೀಜ ಚೆಲ್ಲಿ, ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಮುಚ್ಚಬೇಡಿ. ಎರಡು ವಾರದೊಳಗೆ ಮೊಳಕೆ ಕಾಣುತ್ತದೆ. ಥೇಟ್ ಹುಲ್ಲಿನ ಹಾಗಿರುವುದರಿಂದ ಕಳೆಯೆಂದು ಕಿತ್ತುಬಿಡುವವರೇ ಹೆಚ್ಚು. ಹೂ ಮುಂದಿನ ಮಳೆಗಾಲಕ್ಕೆ, ಇಲ್ಲವೇ ಅದರಾಚಿನದಕ್ಕೆ. ದೊಡ್ಡ ಗುಲಾಬಿ ಬಣ್ಣದ ಮಳೆ ಲಿಲ್ಲಿ ಬೀಜ ಕಟ್ಟುವುದೇ ಅಪರೂಪ, ಅದಕ್ಕೆ ಗೆಡ್ಡೆಯೇ ದಾರಿ.

ಅಗ್ನಿಶಿಖೆಯ ಹೊಸ ಬೀಜ ಆರರಿಂದ ಒಂಬತ್ತು ತಿಂಗಳು ಸುಪ್ತವಾಗಿರುತ್ತದೆ. ಕಾಯಿ ಒಣಗಿ ಒಡೆದಾಗ ಸಿಗುವ ಕೆಂಪು ಬೀಜವನ್ನು ಕಾಗದದ ಪೊಟ್ಟಣದಲ್ಲಿಟ್ಟು ಮುಂಗಾರಿನವರೆಗೆ ಕಾಯಬೇಕು. ಆಮೇಲೆ ರಾತ್ರಿಯಿಡೀ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಮೇಲಿನ ಕೆಂಪು ಸಿಪ್ಪೆ ಉಜ್ಜಿ ತೆಗೆದು, ಒಂದೆರಡು ಸೆಂಟಿಮೀಟರ್ ಆಳಕ್ಕೆ ಹಾಕಬೇಕು. ಇಷ್ಟಾದರೂ ಎಲ್ಲವೂ ಒಟ್ಟಿಗೆ ಹುಟ್ಟುವುದಿಲ್ಲ. ಒಂದು ತಿಂಗಳಿಗೇ ಬಂದರೆ ಇನ್ನೊಂದು ಮೂರು ತಿಂಗಳಿಗೆ.

ನಿಜವಾದ ತಲೆನೋವು ಆಮೇಲಿನದು. ಮೊದಲ ವರ್ಷ ನಾಲ್ಕಾರು ಎಲೆಯ ಪುಟ್ಟ ಕುಡಿ ಬಂದು, ಮಳೆ ಮುಗಿದ ಮೇಲೆ ಪೂರ್ತಿ ಒಣಗುತ್ತದೆ. ಗಿಡ ಸತ್ತಿರುವುದಿಲ್ಲ, ಮಣ್ಣಿನೊಳಗೆ ಚಿಕ್ಕ ಗೆಡ್ಡೆ ಮಲಗಿರುತ್ತದೆ. ಆಗ ಅಭ್ಯಾಸಬಲದಿಂದ ದಿನಾ ನೀರು ಹಾಕಿದರೆ ಗೆಡ್ಡೆ ಕೊಳೆಯುತ್ತದೆ. ಖಾಲಿ ಕುಂಡವೆಂದು ಮಣ್ಣು ಕೆದಕಿದರೆ ಗೆಡ್ಡೆಯ ತುದಿ ಮುರಿಯುತ್ತದೆ. ಚಿಗುರುವ ಕಣ್ಣು ಇರುವುದೇ ಆ ತುದಿಯಲ್ಲಿ, ಮುರಿದರೆ ಗೆಡ್ಡೆಯೇ ವ್ಯರ್ಥ. ಹೀಗೆ ಮೂರ್ನಾಲ್ಕು ಬೇಸಿಗೆ ದಾಟಿದ ಮೇಲೆ ಹೂ.

ಅಗ್ನಿಶಿಖೆಯ ಬೀಜ, ಗೆಡ್ಡೆ, ಎಲೆ ಎಲ್ಲದರಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಮಕ್ಕಳು, ನಾಯಿ ಇರುವ ಮನೆಯಲ್ಲಿ ಬೇಡವೇ ಬೇಡ.

ಕುಲದ ಲೆಕ್ಕದಲ್ಲಿ ಇವೆರಡೂ ಅಸಲಿ ಲಿಲ್ಲಿಗಳಲ್ಲ. ಅಸಲಿಯೇ ಬೇಕೆಂದರೆ ತೈವಾನಿನ ಲಿಲಿಯಂ ಫಾರ್ಮೋಸಾನಂ ಇದೆ. ಬಿಳಿ ತುತ್ತೂರಿಯಂಥ ಹೂ, ಬಿತ್ತಿದ ಒಂದು ವರ್ಷದೊಳಗೇ ಅರಳಬಲ್ಲದು. ತಂಪು ಬೇಕು, ಹಾಗಾಗಿ ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಬಿತ್ತುವುದು ಒಳ್ಳೆಯದು. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ.

ಬಾಲ್ಕನಿಯ ಕುಂಡಗಳು, ದಿನಾ ಬೆಳಿಗ್ಗೆ ನೀರು ಹಾಕುವ ರೂಢಿ, ಒಂದು ಕುಂಡಕ್ಕಿಂತ ಹೆಚ್ಚು ಖರ್ಚು ಮಾಡದ ಜೇಬು: ಇಷ್ಟಕ್ಕೆ ನನ್ನ ಆಯ್ಕೆ ಹಳದಿ ಮಳೆ ಲಿಲ್ಲಿಯೇ. ಅಗ್ನಿಶಿಖೆ ಬೇಕೇ ಬೇಕೆನ್ನುವವರು ಕುಂಡ ಬಿಟ್ಟು, ಜೂನ್ ಮಳೆ ಹಿಡಿದ ಮೇಲೆ ಬೇಲಿಯ ಬುಡದಲ್ಲೇ ಬೀಜ ಊರಿ. ಅಲ್ಲಿ ಬೇಸಿಗೆಯಲ್ಲಿ ಯಾರೂ ನೀರು ಹಾಕುವುದಿಲ್ಲ, ಬಳ್ಳಿಗೆ ಹಬ್ಬಲು ಆಸರೆಯೂ ಇರುತ್ತದೆ.