ಬಾವಿ ನೀರಿನ ಬಣ್ಣ ಅಳೆಯಲು ಮೀಟರ್ ಬೇಕಾ, ಗಾಜಿನ ಕೊಳವೆ ಸಾಕಾ?

ನನ್ನ ಓಟು ನೆಸ್ಲರ್ ಕೊಳವೆಗೆ, ಅಂದರೆ ಗೊತ್ತಿರುವ ಬಣ್ಣದ ದ್ರಾವಣದ ಪಕ್ಕದಲ್ಲಿಟ್ಟು ನೀರಿನ ಬಣ್ಣ ಹೋಲಿಸುವ ಉದ್ದನೆಯ ಗಾಜಿನ ಕೊಳವೆಗೆ. ಡಿಜಿಟಲ್ ಮೀಟರ್ ತಂದು ಒಂದು ಮಳೆಗಾಲ ಪೂರ್ತಿ ಒದ್ದಾಡಿದ ಮೇಲೆ ಹೇಳುತ್ತಿದ್ದೇನೆ.

ನಮ್ಮದು ಶಿರಸಿ ಕಡೆಯ ತೋಟದ ಮನೆ. ಆಷಾಢ ಬಂತೆಂದರೆ ಬಾವಿ ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ. ಕೊಳೆತ ಸೊಪ್ಪು, ದರಕಿನ ರಸ ಅದು. ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಬಣ್ಣ 5 ಹೇಜನ್ (ನೀರಿನ ಹಳದಿ-ಕಂದು ಬಣ್ಣ ಅಳೆಯುವ ಮಾನ) ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 15ರ ತನಕ ಒಪ್ಪಿಗೆ. ನಮ್ಮದು ಎಷ್ಟು ಅಂತ ಗೊತ್ತಾಗಬೇಕಿತ್ತು.

ಮೀಟರ್ 60 ತೋರಿಸಿತು. ಮನೆಯವರೆಲ್ಲ ಗಾಬರಿ. ಅದೇ ಕೊಡದ ನೀರನ್ನು ಅಲುಗಿಸದೆ ಇಟ್ಟು ಬೆಳಿಗ್ಗೆ ನೋಡಿದರೆ 25! ಯಾವುದನ್ನು ನಂಬುವುದು?

ತಪ್ಪು ರಾಡಿಯದು. ಮೀಟರ್ ನೀರಿನೊಳಗೆ ಬೆಳಕು ಬಿಟ್ಟು, ಆಚೆ ಎಷ್ಟು ಬಂತು ಅಂತ ನೋಡುತ್ತದೆ. ನುಣ್ಣನೆ ಕೆಂಪು ಮಣ್ಣು ಬೆಳಕಿಗೆ ಅಡ್ಡ ಬಂದರೂ ಅದನ್ನು ಬಣ್ಣ ಅಂತಲೇ ಲೆಕ್ಕ ಹಾಕುತ್ತದೆ. ನಿಜವಾದ ಬಣ್ಣ ಸಿಗಬೇಕಾದರೆ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಮಾರಿದ ಅಂಗಡಿಯವರು ಇದನ್ನು ಹೇಳಿದ್ದು ನಾನು ಮೂರನೇ ಸಲ ಫೋನ್ ಮಾಡಿದಾಗ. ಪಂಚೆ ಬಟ್ಟೆಯಲ್ಲಿ ಸೋಸಿದರೆ ಏನೂ ಪ್ರಯೋಜನವಿಲ್ಲ. ಸಿರಿಂಜಿಗೆ ಸಿಕ್ಕಿಸುವ ಫಿಲ್ಟರ್ ತರಿಸಿದೆ. ಮಳೆಗಾಲದ ನೀರಿಗೆ ಅದು ನಾಲ್ಕು ಹನಿ ಇಳಿಯುವಷ್ಟರಲ್ಲಿ ಕಟ್ಟಿಕೊಳ್ಳುತ್ತದೆ. ಪ್ರತಿ ಸಲವೂ ಹೊಸದು ಬೇಕು. ಇದು ನಮ್ಮ ಕೈಲಾಗುವ ಖರ್ಚಲ್ಲ.

ಬಣ್ಣದ ಚಕ್ರ ತಿರುಗಿಸಿ ಹೋಲಿಸುವ ಡಬ್ಬಿಯನ್ನು ಕಾರವಾರದ ಭಾವನ ಮನೆಯಲ್ಲಿ ನೋಡಿದೆ. ಬೇಗ ಆಗುತ್ತದೆ, ಆದರೆ ಆ ಚಕ್ರದಲ್ಲಿ ಮೆಟ್ಟಿಲುಗಳ ಅಂತರ ಜಾಸ್ತಿ. ಅವರ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಬೇರೆ. ಪಂಪಿನಿಂದ ಬಂದಾಗ ತಿಳಿ, ಗಾಳಿ ತಾಗಿ ಸ್ವಲ್ಪ ಹೊತ್ತಾದರೆ ತುಕ್ಕಿನ ಬಣ್ಣ. ಹಾಗಾಗಿ ಯಾವ ಹೊತ್ತಿಗೆ ನೋಡಿದಿರಿ ಎನ್ನುವುದರ ಮೇಲೆ ಅಂಕಿ ಬದಲಾಗುತ್ತದೆ.

ಕೊಳವೆಯ ಕೆಲಸ ಸುಲಭ. ಹೋಲಿಸಲು ಬೇಕಾದ ಹಳದಿ ಬಣ್ಣದ ಪ್ಲಾಟಿನಂ-ಕೋಬಾಲ್ಟ್ ದ್ರಾವಣ, 500 ಹೇಜನ್‌ನದು, ಸಿದ್ಧವಾಗಿ ಸಿಗುತ್ತದೆ. ಅದರಲ್ಲಿ ಅರ್ಧ ಎಂಎಲ್ ತೆಗೆದು, ಶುದ್ಧ ಡಿಸ್ಟಿಲ್ಡ್ ನೀರು ಸೇರಿಸಿ 50 ಎಂಎಲ್ ಮಾಡಿದರೆ 5 ಹೇಜನ್. ಒಂದು ಎಂಎಲ್‌ಗೆ 10, ಒಂದೂವರೆಗೆ 15. ಪಕ್ಕದ ಕೊಳವೆಗೆ ಬಾವಿ ನೀರು ಹಾಕಿ, ಕೆಳಗೆ ಬಿಳಿ ಕಾಗದ ಇಟ್ಟು, ಮೇಲಿನಿಂದ ನೋಡಬೇಕು. ಇಲ್ಲಿಯೂ ರಾಡಿ ತೊಂದರೆಯೇ. ಆದರೆ ಅದು ಕಣ್ಣಿಗೆ ಕಾಣುತ್ತದಲ್ವಾ? ತಿಳಿಯಾಗುವ ತನಕ ಕಾಯುತ್ತೇನೆ.

ಜಗಲಿಯಲ್ಲಿ ಮಾತ್ರ ನೋಡಬೇಡಿ. ತೋಟದ ಹಸಿರು ಬೆಳಕಿಗೆ ಎಲ್ಲವೂ ಹಸಿರಾಗಿ ಕಾಣುತ್ತದೆ. ನಾನು ಅಂಗಳಕ್ಕೆ ಒಯ್ಯುತ್ತೇನೆ. ಕೊಟ್ಟಿಗೆ ಹತ್ತಿರವೂ ಇಡಬೇಡಿ. ಗಂಜಲದಿಂದ ಏಳುವ ಅಮೋನಿಯ ತಾಗಿದರೆ ದ್ರಾವಣದ ಬಣ್ಣವೇ ಗಾಢವಾಗುತ್ತದೆ.

ಬಣ್ಣ ಕಡಿಮೆ ಇದ್ದ ಮಾತ್ರಕ್ಕೆ ರೋಗಾಣು ಇಲ್ಲ ಅಂತಲ್ಲ. ಕುದಿಸುವುದನ್ನು ನಾವು ಬಿಟ್ಟಿಲ್ಲ.

ಈ ಶ್ರಾವಣದಲ್ಲಿ ನಮ್ಮ ಬಾವಿ 15ರ ಕೊಳವೆಗಿಂತ ತುಸು ಗಾಢವಾಗಿಯೇ ಇತ್ತು. ಕುಡಿಯಲು ಈಗ ಬೆಟ್ಟದ ಅಬ್ಬಿ ನೀರು ತರುತ್ತಿದ್ದೇವೆ. ಅದು 5ಕ್ಕಿಂತ ತಿಳಿ.